ಸಾತಲಿಂಗಪ್ಪನವರ ಸಿಟ್ಟು ಮತ್ತು ಜೋಳದ ಬೀರ್

ಸೊಲ್ಲಾಪುರದವರನ್ನು ಬೆಳಿಗ್ಗೆ ಎಬ್ಬಿಸುವುದು ಮಿಲ್ಲಿನ ಸೈರನ್ನು, ಅಂದರೆ ಭೋಂಗಾ, ಎಂದು ಹೊರಗಿನವರು ತಿಳಿದಿದ್ದರು. ಬಾಳೀವೇಸಿನ ಓಣಿಯವರಿಗೆ ಮಾತ್ರ ಸತ್ಯ ಗೊತ್ತಿತ್ತು. ಭೋಂಗಾಕ್ಕಿಂತ ಮೊದಲೇ ಅಲ್ಲಿ ಜೋಳದ ವ್ಯಾಪಾರಿ ಸಾತಲಿಂಗಪ್ಪನವರ ಸಿಟ್ಟು ಏಳುತ್ತಿತ್ತು. ಎದ್ದ ಸಿಟ್ಟು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆಯ ಹೊತ್ತಿನಲ್ಲಿ ಒಂದಿಷ್ಟು ಸುಮ್ಮನೆ ಕೂತು, ಆಮೇಲೆ ದಿನದ ಕೆಲಸಕ್ಕೆ ಹೊರಡುತ್ತಿತ್ತು. ಹಾಲಿನಲ್ಲಿ ನೀರಿದ್ದರೆ ಗೌಳಿಯ ಮೇಲೆ, ನಳದಲ್ಲಿ ನೀರಿಲ್ಲದಿದ್ದರೆ ನಳದ ಮೇಲೆ, ಪತ್ರಿಕೆಯಲ್ಲಿ ಜೋಳದ ಧಾರಣೆ ತಪ್ಪು ಛಾಪಿಸಿದ್ದರೆ ಪತ್ರಿಕೆಯ ಮೇಲೆ, ಸರಿಯಾಗಿ ಛಾಪಿಸಿದ್ದರೆ ಧಾರಣೆಯ ಮೇಲೆ. ಐವತ್ತು ದಾಟಿದ ಆ ದೇಹದಲ್ಲಿ ಸಕ್ಕರೆ ಕಾಯಿಲೆ ಇರಲಿಲ್ಲ, ಕೀಲುನೋವು ಇರಲಿಲ್ಲ. ಯಾವ ರೋಗಕ್ಕೂ ಅದರೊಳಗೆ ಕಾಲಿಡುವ ಧೈರ್ಯ ಬಂದಿರಲಿಲ್ಲ.

ಇವೆಲ್ಲ ಬರೀ ಗರಡಿಮನೆಯ ಅಭ್ಯಾಸ. ಅವರ ಬದುಕಿನ ಮಹಾಯುದ್ಧ ಶುರುವಾದದ್ದು ಎಪ್ಪತ್ತೇಳನೆಯ ಇಸವಿಯಲ್ಲಿ, ಹೆಂಡತಿಯ ತಮ್ಮನ ಮನೆಯ ಮಾಳಿಗೆಯ ಮೇಲೆ, ಒಂದು ಬಾಟಲಿ ಬೀರಿನ ಎದುರಿಗೆ.

ಈ ಹೆಂಡತಿಯ ತಮ್ಮ ಅಣ್ಣಾರಾಯ, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಚಾದರದ ಕಾರ್ಖಾನೆಯೊಂದರ ಮ್ಯಾನೇಜರು. ಕೆಲವು ವರ್ಷ ಮುಂಬಯಿಯಲ್ಲಿ ಇದ್ದು ಬಂದವನು. ಬರುವಾಗ ಒಂದು ಸಫಾರಿ ಸೂಟನ್ನೂ, ಆರೋಗ್ಯದ ಕಾರಣಕ್ಕೆ ಕುಡಿಯಬಹುದೆಂದು ಸರಕಾರ ಕೊಡುವ ಪರ್ಮಿಟ್ಟನ್ನೂ ತಂದಿದ್ದ. ಅವನ ಆರೋಗ್ಯಕ್ಕೆ ಏನಾಗಿತ್ತೆಂದು ಯಾರಿಗೂ ತಿಳಿಯಲಿಲ್ಲ. ಔಷಧವನ್ನು ಮಾತ್ರ ಅವನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಆ ದಿನ ಚೇಷ್ಟೆಗೆಂದು, ತಾನು ದಾಜಿ ಎಂದು ಕರೆಯುವ ಅಕ್ಕನ ಗಂಡನ ಮುಂದೆ ಒಂದು ಗ್ಲಾಸು ಇಟ್ಟ. ಹೆಂಡದ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಮನೆತನ ಸಾತಲಿಂಗಪ್ಪನವರದು. ಗ್ಲಾಸನ್ನು ಕಿಟಕಿಯಾಚೆ ಎಸೆಯಲೆಂದೇ ಎತ್ತಿದರು. ಎತ್ತಿದಾಗ ಮೂಗಿಗೆ ಏನೋ ಬಡಿಯಿತು. ಅಜ್ಜನ ಕಾಲದಿಂದ ಕಾಳು ಮೂಸಿಕೊಂಡು ಬಂದ ಮೂಗು ಅದು.

"ಇದರಾಗ ಕಾಳು ಐತಿ," ಎಂದರು.

ಬಂದ ಚೀಲದಿಂದ ನಾಲ್ಕು ಕಾಳು ತೆಗೆದು ಅಗಿದು ಉಗಿದು, ಇದು ಮಂಗಳವೇಢೆಯ ಕಪ್ಪು ಮಣ್ಣಿನದು, ಇದು ರಾಶಿಯ ಹೊತ್ತಿಗೆ ಮಳೆ ತಿಂದದ್ದು ಎಂದು ಹೇಳುವುದು ಅವರ ವೃತ್ತಿ. ಅದೇ ರೀತಿಯಲ್ಲಿ ಒಂದು ಗುಟುಕು ಬೀರನ್ನು ಬಾಯಿಗೆ ಹಾಕಿ, ಈ ಕೆನ್ನೆಯಿಂದ ಆ ಕೆನ್ನೆಗೆ ಓಡಿಸಿ, ಕಿಟಕಿಯಿಂದ ಹೊರಗೆ ಉಗಿದರು. ಉಗಿದ ಮೇಲೆ ಅದು ಕುಡಿದಂತಾಗಲಿಲ್ಲ, ಪರೀಕ್ಷೆ ಮಾಡಿದಂತಾಯಿತು ಎಂಬುದು ಅಂದಿನಿಂದ ಕೊನೆಯವರೆಗೂ ಅವರ ಸಿದ್ಧಾಂತ.

"ಯಾವ ಕಾಳೋ ಇದು?"

"ಜವೆಗೋದಿ, ದಾಜಿ. ಬಾರ್ಲಿ ಅಂತಾರ."

"ಜೋಳದ್ದು ಮಾಡೂದಿಲ್ಲೇನು?"

ಅಣ್ಣಾರಾಯ ನಕ್ಕುಬಿಟ್ಟ. "ಜೋಳಕ್ಕ ಅಷ್ಟು ಯೋಗ್ಯತಾ ಎಲ್ಲೈತ್ರಿ ದಾಜಿ? ಭಕ್ರಿ ಬಡೀಬೇಕು, ಉಳದದ್ದು ಎಮ್ಮಿಗೆ ಹಾಕಬೇಕು. ಇದು ಸಾಹೇಬರ ಮಾಲು."

ಹೆಂಡತಿಯನ್ನು ಬೈದಿದ್ದರೆ ಸಹಿಸುತ್ತಿದ್ದರೇನೋ, ಅವಳು ಅವನ ಅಕ್ಕನಲ್ಲವೇ. ಜೋಳವನ್ನು ಬೈದದ್ದು ಸಹಿಸಲಾಗಲಿಲ್ಲ. ಧೋತರದ ಕಚ್ಚೆ ಬಿಗಿಮಾಡಿಕೊಂಡು ಎದ್ದು ನಿಂತರು. "ಕೇಳು. ಜೋಳದ ಬೀರ್ ನಾ ಮಾಡತೇನಿ. ನಿನ್ನ ಬಾಯಾಗ ಹಾಕತೇನಿ. 'ಖರೇ ಬೀರ್' ಅಂತ ನಿನ್ನ ಬಾಯಿಲೇ ಅನಸ್ತೀನಿ. ಅನಸಲಿಲ್ಲಂದ್ರ ಅಂಗಡಿ ಮುಚ್ಚಿ ನಿನ್ನ ಕಾರ್ಖಾನ್ಯಾಗ ಚಾದರ ಮಡಚಾಕ ಬರ್ತೀನಿ."

"ನಮ್ಮಲ್ಲಿ ಮಡಚೂದು ಹೆಣ್ಣಮಕ್ಕಳ ಕೆಲಸರಿ ದಾಜಿ," ಎಂದ ಅಣ್ಣಾರಾಯ. "ನಿಮ್ಮನ್ನ ಗೇಟಿಗೆ ನಿಂದರಸೋಣಂತ."

ಇಂಥ ಮಾತು ಕೇಳಿಕೊಂಡು ಮೆಟ್ಟಿಲು ಇಳಿದವನು ಮನುಷ್ಯನಾಗಿ ಇಳಿಯುವುದಿಲ್ಲ, ಸೇನಾಪತಿಯಾಗಿ ಇಳಿಯುತ್ತಾನೆ.

ದಂಡಯಾತ್ರೆಯ ಮೊದಲ ಠಾಣ್ಯ ಅವರ ಮನೆಯ ಉಗ್ರಾಣ. ರೇಲ್ವೆ ಕಾಲನಿಯ ಮನೆಯಲ್ಲೇ ಬೀರ್ ಮಾಡುತ್ತಿದ್ದ ಒಬ್ಬ ಮುದಿ ಗಾರ್ಡಿನಿಂದ ವಿದ್ಯೆ ಕಲಿತರು. ಜೋಳ ನೆನೆಹಾಕಿ, ಹಸಿ ಗೋಣಿಚೀಲದ ಮೇಲೆ ಹರವಿ ಮೊಳಕೆ ಬರಿಸಿ, ಬಿಸಿಲಲ್ಲಿ ಒಣಗಿಸಿ, ಮೊಳಕೆ ತಿಕ್ಕಿ ತೆಗೆದು, ಬೀಸುಕಲ್ಲಿನಲ್ಲಿ ಒಡೆದು, ತಾಮ್ರದ ಹಂಡೆಯಲ್ಲಿ ಹದವಾಗಿ ಕಾಯಿಸಿ, ತಮ್ಮದೇ ಹಳೆಯ ಧೋತರದಲ್ಲಿ ಸೋಸಿ, ಕಹಿ ಹಾಕಿ ಕುದಿಸಿ, ಆರಿದ ಮೇಲೆ ಬೇಕರಿಯಿಂದ ತಂದ ಖಮೀರು ಸೇರಿಸಿ ಉಪ್ಪಿನಕಾಯಿಯ ಚೀನಿ ಭರಣಿಯಲ್ಲಿ ತುಂಬಿ ಇಡುವುದು. ಕಹಿಯದೇ ದೊಡ್ಡ ಸಮಸ್ಯೆಯಾಯಿತು. ಹಾಗಲಕಾಯಿ ಹಾಕಿದರೆ ಅದು ಪಲ್ಯದ ದಾರಿ ಹಿಡಿಯಿತು. ಬೇವು ಹಾಕಿದರೆ ಯುಗಾದಿ ಬಂದಂತಾಯಿತು. ಕೊನೆಗೆ ಗಿಡಮೂಲಿಕೆ ಮಾರುವ ಗಾಂಧಿಯ ಅಂಗಡಿಯ ನೆಲಬೇವು ಮಾತು ಕೇಳಿತು. ಪ್ರತಿ ಸಲವೂ ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಹಿತ್ತಿಲಿಗೆ ಉಗಿದು ತೀರ್ಪು ಕೊಡುತ್ತಿದ್ದರು: ಹೊಟ್ಟಿನ ವಾಸನೆ ಬಂದಿದೆ, ತಳ ಹತ್ತಿದೆ, ಹುಳಿ ಮುಂದೆ ಓಡಿ ಕಾಳು ಹಿಂದೆ ಉಳಿದಿದೆ. ಹಿತ್ತಿಲಿನ ಕರಿಬೇವಿನ ಗಿಡ ಆ ವರ್ಷ ಹಿಂದೆಂದೂ ಇಲ್ಲದಷ್ಟು ಚಿಗುರಿತು.

ಹೆಂಡತಿ ನೀಲಗಂಗಾ ಮೊದಮೊದಲು ಸುಮ್ಮನಿದ್ದರು. ಗಂಡ ಉಗ್ರಾಣದಲ್ಲಿ ಸಿಟ್ಟಾದರೆ ಅಡಿಗೆಮನೆಯಲ್ಲಿ ಸಿಟ್ಟಾಗುವುದಿಲ್ಲ, ಅಷ್ಟೇ ಲಾಭ. ಆದರೆ ಸಾತಲಿಂಗಪ್ಪನವರು ಬೀರನ್ನು ಗೋಟಿ ಸೋಡಾದ ಬಾಟಲಿಗಳಲ್ಲಿ ತುಂಬಿಸಿ ಇಟ್ಟರು. ಮನೆಗೆ ಜಂಗಮರು ದಯಮಾಡಿಸಿ, ಪಾದಪೂಜೆ ಮುಗಿದು, ಮಂತ್ರದ ನಡುವೆ ಒಂದು ಕ್ಷಣ ಎಲ್ಲರೂ ಕಣ್ಣು ಮುಚ್ಚಿದಾಗ ಉಗ್ರಾಣದಲ್ಲಿ ಮೊದಲ ಬಾಟಲಿ ಸಿಡಿಯಿತು. ಅದರ ಧೈರ್ಯ ನೋಡಿ ಉಳಿದವೂ ಸಿಡಿದವು. ಬಾಗಿಲ ಸಂದಿಯಿಂದ ನೊರೆ ಹರಿದು ಬಂದು ಜಂಗಮರ ಹಾವುಗೆಯ ಹತ್ತಿರ ನಿಂತಿತು.

"ಏನಿದು?" ಎಂದರು ಜಂಗಮರು.

"ಅಂಬಲಿ ಉಕ್ಕೇದರಿ," ಎಂದರು ನೀಲಗಂಗಾ, ಮುಖ ಕೆಂಪಗೆ ಮಾಡಿಕೊಂಡು.

ಜಂಗಮರು ಹೋದ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇದು ಈ ಮನ್ಯಾಗ ಇರಬೇಕು, ಇಲ್ಲಾ ನಾ ಇರಬೇಕು. ವಿಚಾರ ಮಾಡಿ ಹೇಳ್ರಿ."

ಸಾತಲಿಂಗಪ್ಪನವರು ಮಾಡಿದ ತಪ್ಪೆಂದರೆ ನಿಜವಾಗಿಯೂ ವಿಚಾರ ಮಾಡತೊಡಗಿದ್ದು. ಗಂಡನ ಹುಬ್ಬು ಗಂಟಿಕ್ಕಿದ್ದನ್ನೂ, ಲೆಕ್ಕ ಎರಡೂ ಕಡೆ ನಡೆದದ್ದನ್ನೂ ನೀಲಗಂಗಾ ಕಂಡರು. ಆಮೇಲೆ ಆ ಮನೆಯಲ್ಲಿ ನಡೆದ ಮಾತುಗಳನ್ನು ಓಣಿಯವರು ಬಹಳ ದಿನ ನೆನೆಸಿಕೊಂಡರು. ಸಾತಲಿಂಗಪ್ಪನವರಿಗಿಂತ ದೊಡ್ಡ ಸಿಟ್ಟೊಂದು ಅದೇ ಸೂರಿನ ಕೆಳಗೆ ಇಷ್ಟು ವರ್ಷ ಮಜ್ಜಿಗೆ ಕಡೆಯುತ್ತ ಕೂತಿತ್ತೆಂದು ಯಾರಿಗೆ ಗೊತ್ತಿತ್ತು?

ಹೀಗೆ ಸೈನ್ಯ ಹಿಂದೆ ಸರಿದು ಹನ್ನೂರಿಗೆ ಬಂತು.

ಅಕ್ಕಲಕೋಟ ತಾಲೂಕಿನ ಹನ್ನೂರಿನಲ್ಲಿ ಅವರ ಹೊಲ ಇತ್ತು. ಹೊಲದ ಬಾವಿಯ ಪಕ್ಕ ಕಲ್ಲಿನ ಒಂದು ಕೋಣೆ, ಬೇಸಿಗೆಯಲ್ಲೂ ತಂಪು. ಪಾಲಿಗೆ ಹೊಲ ಮಾಡುತ್ತಿದ್ದವನು ಮರೆಪ್ಪ. ಕುರಿ ಸಾಕುವ ಮನೆತನ, ಮಾತು ಕಡಿಮೆ, ಹೆಗಲ ಮೇಲೆ ಸದಾ ಕಂಬಳಿ. ಸಾತಲಿಂಗಪ್ಪನವರು ಆ ಕೋಣೆಯಲ್ಲೇ ಒಂದು ವಾರ ಕೂತು ತಮ್ಮ ಜೀವಮಾನದ ಉತ್ತಮ ಜೋಳದಿಂದ ಎಲ್ಲವನ್ನೂ ಮಾಡಿದರು. ಬಾಟಲಿಯ ಸಹವಾಸ ಬಿಟ್ಟು ದೊಡ್ಡ ಭರಣಿಯಲ್ಲಿ ತುಂಬಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿದರು. ಭರಣಿ ಗುಳುಗುಳು ಅನ್ನತೊಡಗಿತು. ಬಾಗಿಲು ಎಳೆದುಕೊಂಡು ಮರೆಪ್ಪನನ್ನು ಕರೆದರು.

"ಒಳಗ ಏನೈತ್ರಿ ಸಾವ್ಕಾರ್ರ?" ಎಂದ ಮರೆಪ್ಪ.

ಸುಳ್ಳು ಹೇಳಲು ತಾಳ್ಮೆ ಬೇಕು. ಸಾತಲಿಂಗಪ್ಪನವರಲ್ಲಿ ಅದು ಎಂದೂ ಇರಲಿಲ್ಲ. ಹೇಗೂ ಹನ್ನೂರಿನಲ್ಲಿ ಸೇಂದಿ ಗೊತ್ತು, ಸಾರಾಯಿ ಗೊತ್ತು, ಬೀರಿನ ಹೆಸರು ಕೇಳಿದವರಿಲ್ಲ.

"ಬೀರೈತಿ," ಎಂದರು.

ಆ ಕಡೆಯ ಮಾತಿನಲ್ಲಿ ಬೀರ್ ಇದ್ದರೂ ಬೀರೈತಿ. ಕುರಿ ಕಾಯುವವರ ಮನೆದೇವರು ಬೀರೋಬಾ, ಮನೆಮಂದಿಯ ಬಾಯಲ್ಲಿ ಬರೀ ಬೀರ, ಆ ದೇವರು ಇದ್ದರೂ ಬೀರೈತಿ. ಮರೆಪ್ಪನ ಕೈಗಳು ತಾವಾಗಿಯೇ ಎದೆಯ ಹತ್ತಿರ ಬಂದು ಜೋಡಿಸಿಕೊಂಡವು. ಸಾವ್ಕಾರರು ಬೀಗದ ಕೈ ಹುಡುಕುತ್ತಿದ್ದರಿಂದ ಅದನ್ನು ನೋಡಲಿಲ್ಲ.

"ಯಾವಾಗ ಬಂತ್ರಿ?"

"ಇವತ್ತ ಮುಂಜಾನಿ ಕೂಡಿಸೀನಿ. ಕೇಳಿಲ್ಲಿ. ಕೈಕಾಲು ತೊಳೀದ ಒಳಗ ಕಾಲಿಡಬ್ಯಾಡ. ಚಪ್ಪಲಿ ಹೊರಗ. ಮುಟ್ಟಬ್ಯಾಡ, ಅಳ್ಳಾಡಸಬ್ಯಾಡ. ಹೊಲಸು ಅಂಬೂದು ಹತ್ರ ಸುಳೀಬಾರದು, ಸುಳದ್ರ ಕೆಡತೈತಿ. ಹಿಂದಕ ಸೊಲ್ಲಾಪುರದಾಗ ಕೆಟ್ಟು ಕೂತು ಮನಿ ನಡಗಿಸಿತ್ತು."

"ಸಿಟ್ಟಿನ ದೇವರರಿ ಅದು," ಎಂದ ಮರೆಪ್ಪ ಮೆಲ್ಲಗೆ.

ಸಾತಲಿಂಗಪ್ಪನವರಿಗೆ ತಮ್ಮನ್ನೇ ಹೊಗಳಿದನೆಂದು ಅನ್ನಿಸಿ ಒಂದಿಷ್ಟು ಸಮಾಧಾನವಾಯಿತು. ಬೀಗದ ಕೈ ಅವನಿಗೆ ಕೊಟ್ಟು, "ಐತವಾರಕ್ಕ ಏಳತೈತಿ," ಎಂದರು. "ನನ್ನ ಮೈದುನನ ಕರಕೊಂಡು ಬರ್ತೀನಿ."

ಐತವಾರ ಬೀರೋಬಾನ ವಾರ. ಮರೆಪ್ಪನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿರಲಿಲ್ಲ.

ಐತವಾರ ಎಸ್‌ಟಿ ಬಸ್ಸಿನಲ್ಲಿ ಅಣ್ಣಾರಾಯ ಸಫಾರಿ ಸೂಟಿನ ಇಸ್ತ್ರಿ ಮುರಿಯದಂತೆ ಸೀಟಿನ ತುದಿಯಲ್ಲಿ ಕೂತಿದ್ದ. "ದಾಜಿ, ಕುಡದು ನನಗೇನಾರ ಆದ್ರ ಅಕ್ಕಗ ಯಾರು ಹೇಳಾವ್ರು?" ಎಂದ. ಸ್ವಲ್ಪ ದೂರ ಹೋದ ಮೇಲೆ, "ಎಮ್ಮಿ ಕುಡದು ನೋಡೇತೇನ್ರಿ ಮೊದಲ?" ಎಂದ. ಸಾತಲಿಂಗಪ್ಪನವರು ಕಿಟಕಿಯಾಚೆ ಮೈಲಿಗಲ್ಲು ಎಣಿಸಿದರು. ಬಿಲ್ಲಿಗೆ ಬಾಣ ಹೂಡಿದವನು ಬೈಗುಳಕ್ಕೆ ಬಾಯಿ ತೆರೆಯಬಾರದು.

ಹೊಲದ ಬದು ದಾಟುವಾಗಲೇ ಡೊಳ್ಳಿನ ಸದ್ದು ಕೇಳಿಸಿತು. ಬಾವಿಯ ಹತ್ತಿರ ಹೋದರೆ ಕೋಣೆಯ ಮುಂದೆ ಕಂಬಳಿ ಹೊದ್ದ ಮಂದಿ, ಹೆಂಗಸರು, ಒಂದು ಕಡೆ ಕುರಿಗಳು. ಬಾಗಿಲು ಹಾರು ಹೊಡೆದು ತೆರೆದಿತ್ತು. ಒಳಗೆ ಸಾತಲಿಂಗಪ್ಪನವರ ಚೀನಿ ಭರಣಿ ಹೊಸ ಕಂಬಳಿಯ ಮೇಲೆ ವಿರಾಜಮಾನವಾಗಿತ್ತು. ಅರಿಷಿಣದ ಭಂಡಾರ ಎರಚಿ ಎರಚಿ ಅದು ತಲೆಯಿಂದ ಬುಡದವರೆಗೆ ಹಳದಿಯಾಗಿತ್ತು. ಬಾಯಿಗೆ ಕಟ್ಟಿದ್ದ ತೆಳು ಬಟ್ಟೆಯ ಮೇಲೂ ಭಂಡಾರ, ಬಟ್ಟೆಯ ಕೆಳಗೂ ಭಂಡಾರ. ಗುಳುಗುಳು ಎಂದಾಗಲೊಮ್ಮೆ ಎಲ್ಲರೂ ಕೈ ಮುಗಿಯುತ್ತಿದ್ದರು.

ಸಾತಲಿಂಗಪ್ಪನವರಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಅರಿಷಿಣ ಒಳಗೆ ಇಳಿದದ್ದು ಅರ್ಥವಾಯಿತು, ಉಳಿದದ್ದಕ್ಕೆ ಕಾಯಲಿಲ್ಲ.

"ಮರೆಪ್ಪಾ, ಯಾರ ಹೇಳಿದ್ರೋ ಇದನ್ನೆಲ್ಲಾ ಮಾಡಾಕ? ಇದು ಬೀರ್ ಐತೋ, ಬೀರ್!"

"ಬೀರೋಬಾಚ್ಯಾ ನಾವಾನಂ," ಎಂದು ಡೊಳ್ಳಿನವನು ದೇವರ ಜಯಕಾರ ಎತ್ತಿಕೊಂಡ. "ಚಾಂಗಭಲಂ," ಎಂದಿತು ಇಡೀ ಮಂದಿ.

"ಹಂಗಲ್ಲೋ. ಬೀರ್ ಬ್ಯಾರೆ, ಇದು ಬ್ಯಾರೆ. ಇದು ಬರೀ ಬೀರ್."

"ಚಾಂಗಭಲಂ."

ಎಷ್ಟು ಕೂಗಿದರೂ ಆ ಎರಡಕ್ಷರದ ಹೊರಗೆ ಬರಲು ದಾರಿಯಿಲ್ಲ. ಪದ್ಮವ್ಯೂಹ ಹೊಕ್ಕವನಿಗಾದರೂ ಸುತ್ತ ನಿಂತವರು ಶತ್ರುಗಳೆಂಬ ಸಮಾಧಾನವಿತ್ತು. ಇಲ್ಲಿ ಎಲ್ಲರೂ ಅವರ ಕಾಲಿಗೇ ಬೀಳುತ್ತಿದ್ದರು. ಸೊಲ್ಲಾಪುರದ ಸಾವ್ಕಾರರು ಲಿಂಗವಂತರಾಗಿಯೂ ಕುರಿ ಕಾಯುವವರ ದೇವರನ್ನು ಹೊಲಕ್ಕೆ ತಂದು ಕೂಡಿಸಿದರಲ್ಲ ಎಂದು. ಅಣ್ಣಾರಾಯ ಒಂದು ಕಲ್ಲಿಗೆ ಒರಗಿ, ಕರವಸ್ತ್ರ ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದ.

ಮರೆಪ್ಪನ ತಾಯಿ ಗುರುಬಾಯಿ ಮುಂದೆ ಬಂದಳು. ಭರಣಿಗೆ ಹಣೆ ಹಚ್ಚಿ, ತಂಬಿಗೆಯಲ್ಲಿ ಒಂದಿಷ್ಟು ತೆಗೆದು ಮೊದಲು ಸಾತಲಿಂಗಪ್ಪನವರ ಕೈಗೆ ಹಾಕಿದಳು. ಅಂಗೈಯಲ್ಲಿ ಅದು ಬಂಗಾರದ ಬಣ್ಣಕ್ಕೆ ಹೊಳೆಯಿತು, ಅಂಚಿನಲ್ಲಿ ಬಿಳಿ ನೊರೆ. ಅವರು ಬಾಯಿಗೆ ಹಾಕಿಕೊಂಡರು. ಈ ಕೆನ್ನೆ, ಆ ಕೆನ್ನೆ. ಕಾಳು ಮುಂದೆ ಬಂತು, ಹಿಂದೆಯೇ ಕಹಿ, ಕೊನೆಗೆ ಸಣ್ಣ ಹುಳಿ, ಅರಿಷಿಣ ಎಲ್ಲೋ ಮೂಲೆಯಲ್ಲಿ. ಒಂದೂ ತಪ್ಪಿರಲಿಲ್ಲ. ಉಗಿಯಲೆಂದು ಪಕ್ಕಕ್ಕೆ ತಿರುಗಿದರು. ಇಡೀ ಹನ್ನೂರು ಅವರ ಬಾಯನ್ನೇ ನೋಡುತ್ತಿತ್ತು. ದೇವರ ತೀರ್ಥವನ್ನು ಉಗಿಯುವ ಸಾವ್ಕಾರನನ್ನು ಆ ಮಂದಿ ಏನು ಮಾಡಬಹುದು ಎಂಬುದಕ್ಕಿಂತ, ಮುದುಕಿಯ ಮುಖ ಹೇಗಾಗಬಹುದು ಎಂಬುದು ಅವರನ್ನು ತಡೆಯಿತು. ಜೀವಮಾನದಲ್ಲಿ ಮೊದಲ ಸಲ ನುಂಗಿದರು. ಸಿದ್ಧಾಂತ ಅಲ್ಲಿಗೇ ಮುರಿಯಿತು, ಅದಕ್ಕೂ ಸಿಟ್ಟು ಬಂತು.

ಮುಂದಿನ ಪಾಳಿ ಅಣ್ಣಾರಾಯನದು. ನಗು ಅಡಗಿಸಿಕೊಂಡು ಕೈ ಒಡ್ಡಿದ. ಕುಡಿದ. ನಗು ತಾನಾಗಿಯೇ ಅಡಗಿತು. ಅಂಗೈಯನ್ನು ನೋಡಿಕೊಂಡ, ನೆಕ್ಕಿದ, ಮತ್ತೆ ಒಡ್ಡಿದ. ಗುರುಬಾಯಿ ಮತ್ತೆ ಹಾಕಿದಳು. ಮೂರನೆಯ ಸಲ ಅವನು ಅಂಗೈ ಬಿಟ್ಟು ಕುಡಿಯುವ ಪಾತ್ರೆ ಏನಾದರೂ ಇದೆಯೇ ಎಂದು ಸುತ್ತ ನೋಡತೊಡಗಿದ.

"ಹೇಳು," ಎಂದರು ಸಾತಲಿಂಗಪ್ಪನವರು ಹಲ್ಲು ಕಚ್ಚಿ. "ಹೌದೋ, ಅಲ್ಲೋ?"

ಗುರುಬಾಯಿಗೂ ಅದೇ ಬೇಕಾಗಿತ್ತು. ಮಂದಿಯಲ್ಲಿ ಇಬ್ಬರು ಮೂವರು ಇದು ಖರೇನೋ ಸುಳ್ಳೋ ಎಂದು ಬೆಳಿಗ್ಗೆಯಿಂದ ಗೊಣಗುತ್ತಿದ್ದರು. "ಎಪ್ಪಾ, ನೀವು ಶಹಾಣ್ಯಾ ಮಂದಿ, ಮುಂಬೈ ನೋಡಿದವ್ರು," ಎಂದಳು. "ಎಲ್ಲಾರ ಮುಂದ ಹೇಳ್ರಿ. ಇದು ಖರೇ ಬೀರ ಹೌದಲ್ರಿ?"

ಅಣ್ಣಾರಾಯ ಒಮ್ಮೆ ಮುದುಕಿಯನ್ನು ನೋಡಿದ, ಒಮ್ಮೆ ಭಾವನನ್ನು ನೋಡಿದ. ಅವನ ಮುಖದ ಮೇಲೆ ಮೆಲ್ಲಗೆ ಹರಡಿದ ಸಂತೋಷವನ್ನು ಸಾತಲಿಂಗಪ್ಪನವರು ಸಾಯುವವರೆಗೂ ಕ್ಷಮಿಸಲಿಲ್ಲ.

"ಹೌದಬೇ ಯವ್ವಾ," ಎಂದ. "ಖರೇ ಬೀರ."

ಡೊಳ್ಳು ಎದ್ದಿತು. ಭಂಡಾರ ಹಾರಿತು. ತಿಂಗಳುಗಟ್ಟಲೆ ಬೆವರು ಸುರಿಸಿ ಕಾದಿದ್ದ ಮಾತು ಊರಿನ ಎದುರಿಗೆ, ಬೇಕಾದ ಬಾಯಿಂದಲೇ ಬಂದಿತ್ತು. ಬಂದೂ ಕೈಗೆ ಸಿಗದೆ ಹಳದಿ ಧೂಳಿನಲ್ಲಿ ಹಾರಿಹೋಯಿತು.

"ಯಾವ ಬೀರ?" ಎಂದು ಸಾತಲಿಂಗಪ್ಪನವರು ಗರ್ಜಿಸಿದರು. "ಬಿಡಿಸಿ ಹೇಳೋ. ಯಾವ ಬೀರ?"

ಡೊಳ್ಳು ನಿಂತಿತು. ಎಲ್ಲರೂ ಅವರ ಕಡೆ ತಿರುಗಿದರು. ಮರೆಪ್ಪ ಮೊದಲ ಸಲ ತಲೆಯೆತ್ತಿ, "ಯಾವ ಬೀರ ಅಂದ್ರ? ಎಷ್ಟು ಬೀರ ಅದಾವ್ರಿ ಸಾವ್ಕಾರ್ರ?" ಎಂದ.

ಉತ್ತರ ನಾಲಿಗೆಯ ತುದಿಯಲ್ಲಿ ಇತ್ತು. ಒಂದೇ ವಾಕ್ಯದಲ್ಲಿ ಇದು ದೇವರಲ್ಲ, ಕುಡಿಯುವ ವಸ್ತು, ನಾನೇ ಮಾಡಿದ್ದು ಎಂದರೆ ಅಣ್ಣಾರಾಯನ ಮಾತು ಜೋಳದ ಪಾಲಿಗೆ ಬರುತ್ತಿತ್ತು. ಗುರುಬಾಯಿ ಸೆರಗಿನ ತುದಿಯನ್ನು ತೀರ್ಥದಲ್ಲಿ ಅದ್ದಿ, ಎರಡು ದಿನದಿಂದ ಮೇವು ಮುಟ್ಟದ ಒಂದು ಕುರಿಯ ಬಾಯಿಗೆ ಹಿಂಡುತ್ತಿದ್ದಳು. ಕುರಿ ನಾಲಿಗೆ ಚಪ್ಪರಿಸಿತು.

"ಒಂದ ಬೀರ," ಎಂದರು ಸಾತಲಿಂಗಪ್ಪನವರು. ಒಂದು ಗಂಟೆಯೊಳಗೆ ನುಂಗಿದ್ದು ಇದು ಎರಡನೆಯ ಸಲ, ಮೊದಲನೆಯದಕ್ಕಿಂತ ಬಹಳ ಕಹಿ.

ಕೋಣೆಯ ಬೀಗದ ಕೈಯನ್ನು ಮರೆಪ್ಪನಿಗೇ ಬಿಟ್ಟುಕೊಟ್ಟು ಬಸ್ಸು ಹತ್ತಿದರು. ಬಸ್ಸು ಅಕ್ಕಲಕೋಟ ದಾಟಿತು. ಆಮೇಲೆ ಒಡ್ಡು ಒಡೆಯಿತು.

"ಈಗ ಹೇಳು. ಇಲ್ಲಿ ಯಾವ ದೇವರೂ ಇಲ್ಲ."

"ಹೇಳೇನಲ್ರಿ ದಾಜಿ, ಊರ ಮುಂದ. ಒಮ್ಮೆ ಹೇಳಿದ್ದು ಒಮ್ಮೆ."

"ಜೋಳದ್ದು ಅಂತ ಹೇಳು."

"ಜೋಳದ ಹೆಸರು ಅಲ್ಲಿ ಯಾರು ತಗದ್ರು?" ಅಣ್ಣಾರಾಯ ಹಲ್ಲು ಕಿರಿದ. ಆಮೇಲೆ ಕಿಟಕಿಯಾಚೆ ನೋಡುತ್ತ, ಯಾವುದೋ ಬೇರೆ ವಿಚಾರದಲ್ಲಿದ್ದವನಂತೆ ಅಂದ, "ಆದ್ರ ದಾಜಿ, ಮುಂದಿನ ಸಲ ಕಹಿ ಸ್ವಲ್ಪ ಕಡಿಮಿ ಹಾಕ್ರಿ."

"ಕಡಿಮಿ? ಯಾಕ ಕಡಿಮಿ?"

"ನಾಲಗಿ ಹಿಂದ ನಿಂದರತೈತಿ. ಅಷ್ಟು ನಿಂದರಬಾರದು."

"ನಿಂದರಬೇಕು. ನಿಂತರನ ಕಾಳು ತಿಳೀತೈತಿ. ನಿನಗ ಏನ ತಿಳೀತೈತಿ ಕಾಳು? ಬಾಟಲಿ ಚೀಟಿ ಓದಿ ಕುಡಿಯಾಂವ ನೀ."

"ಇಪ್ಪತ್ತು ನಮೂನಿ ಕುಡದೀನಿ ನಾ. ಯಾವ ಬೀರಿನ್ಯಾಗೂ ಇಷ್ಟು ಕಹಿ ಇಲ್ಲ. ನಿಮ್ಮ ಬೀರಿನ್ಯಾಗಷ್ಟ ಐತಿ."

ಬಸ್ಸು ಒಂದು ಗುಂಡಿಗೆ ಬಿದ್ದು ಎದ್ದಿತು. ಸಾತಲಿಂಗಪ್ಪನವರ ಬಾಯಿ ಅರ್ಧಕ್ಕೇ ನಿಂತಿತು. ನಿಮ್ಮ ಬೀರಿನ್ಯಾಗ, ಅಂದನೇ? ಪಕ್ಕದ ಸೀಟಿನಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡ ಹೆಂಗಸಿನ ಹೊರತು ಸಾಕ್ಷಿಗೆ ಯಾರೂ ಇರಲಿಲ್ಲ, ಅವಳೂ ನಿದ್ದೆ ಹೋಗಿದ್ದಳು. ತಾನು ಏನೆಂದೆನೆಂಬುದು ಅಣ್ಣಾರಾಯನಿಗೆ ಇನ್ನೂ ಹೊಳೆದಿರಲಿಲ್ಲ. ಬೆರಳು ಎತ್ತಿ ತೋರಿಸಿ ಹಿಡಿದುಬಿಡಬಹುದಿತ್ತು. ಆದರೆ ಹಿಡಿದರೆ ಅವನು ಮಾತು ನಿಲ್ಲಿಸಿಬಿಡುತ್ತಾನೆ, ಜಗಳ ಮುಗಿದುಹೋಗುತ್ತದೆ, ಕಹಿಯ ವಿಷಯ ಹಾಗೆಯೇ ಉಳಿಯುತ್ತದೆ. ಕಹಿಯ ವಿಷಯದಲ್ಲಿ ಆ ಸಫಾರಿ ಸೂಟಿನವನ ತಪ್ಪು ಅಕ್ಷಮ್ಯವಾಗಿತ್ತು.

"ಕಹಿ ಕಡಿಮಿ ಮಾಡಬೇಕಂತ," ಎಂದು ಮತ್ತೆ ಶುರು ಮಾಡಿದರು, ಇನ್ನೂ ಜೋರಾಗಿ. "ಕಹಿ ಕಡಿಮಿ ಮಾಡಿದ್ರ ಅದು ಶರಬತ್ತು ಆಗತೈತಿ. ನಿನಗ ಶರಬತ್ತು ಬೇಕಾದ್ರ ನಿಮ್ಮಕ್ಕನ ಕೇಳು."

"ನೀವು ಕೇಳಿದ್ರೇನು ಯಾರನ್ನಾರ? ನೆಲಬೇವು ಹಾಕೂದು ಎಲ್ಲಿ ಕಂಡೀರಿ?"

"ನಿನಗ ಯಾರು ಹೇಳಿದ್ರು ನೆಲಬೇವು ಅಂತ?"

"ನಾಲಗಿ ಹೇಳತೈತಿ."

"ನಿನಗ ನಾಲಗಿ ಯಾವಾಗಿಂದ ಬಂತು?"

ಸೊಲ್ಲಾಪುರದ ಸ್ಟ್ಯಾಂಡು ಬಂತು, ಮಂದಿ ಇಳಿದರು, ಬಾಳೆಹಣ್ಣಿನವಳೂ ಎದ್ದು ಇಳಿದಳು. ಅವರಿಬ್ಬರು ಸೀಟಿನಲ್ಲಿ ಎದುರಾಬದುರಾ ಕೂತು ಎಷ್ಟು ನೆಲಬೇವಿಗೆ ಎಷ್ಟು ಜೋಳ ಎಂದು ಕಿರುಚಾಡುತ್ತಲೇ ಇದ್ದರು. ಕಂಡಕ್ಟರು ಇವರನ್ನು ಇಳಿಸಲು ಟಿಕೀಟಿನ ಡಬ್ಬಿ ತಟ್ಟಿ, "ಓ ಶೇಟ್, ಉತರಾ ಆತಾ," ಎಂದ.

"ಥಾಂಬಾ ಜರಾ," ಎಂದು ತುಸು ತಡೆಯಲು ಹೇಳಿ ಸಾತಲಿಂಗಪ್ಪನವರು ಅವನ ಮೇಲೂ ರೇಗಿದರು.